ಅಲೆಕ್ಸಾಂಡರ್ ಹತ್ತದೆ ಬಿಟ್ಟ ಬೆಟ್ಟ

ಕ್ರಿ.ಪೂ. 333. ಈಗಿನ ಟರ್ಕಿಯ ದಕ್ಷಿಣ ಕರಾವಳಿಯಲ್ಲಿ ಊರೂರನ್ನೇ ವಶ ಮಾಡ್ಕೊಂಡ ಅಲೆಕ್ಸಾಂಡರ್ ಒಳನಾಡಿನ ಕಡೆ ತಿರುಗಿದ್ದಾನೆ. ಮುಂದೆ ಇಕ್ಕಟ್ಟಾದ ಕಣಿವೆ. ದಾರಿಯ ಎರಡೂ ಬದಿಯ ಬಂಡೆಗಳ ಮೇಲೆ ಟರ್ಮೆಸ್ಸೋಸ್ ಊರಿನವರು ಕಾದು ಕೂತಿದ್ದಾರೆ. ಅಲೆಕ್ಸಾಂಡರ್ ಏನು ಮಾಡಿದ ಗೊತ್ತಾ? ಯುದ್ಧಕ್ಕೆ ಹೋಗಲಿಲ್ಲ, ಅಲ್ಲೇ ಡೇರೆ ಹಾಕಿಸಿದ. ‘ಇವತ್ತು ಇವನು ಕದಲೋದಿಲ್ಲ’ ಅಂತ ಮೇಲಿನವರು ಅಂದ್ಕೊಳ್ಳಲಿ, ಸ್ವಲ್ಪ ಜನರನ್ನು ಕಾವಲಿಗೆ ಬಿಟ್ಟು ಮನೆಗೆ ಹೋಗಲಿ ಅನ್ನೋದು ಅವನ ಲೆಕ್ಕ. ಹಾಗೇ ಆಯ್ತು. ಬಿಲ್ಲುಗಾರರನ್ನೂ ಹಗುರ ಆಯುಧದ ಕಾಲಾಳುಗಳನ್ನೂ ಕರ್ಕೊಂಡು ನುಗ್ಗಿ ಕಣಿವೆ ಹಿಡಿದ. ಆಮೇಲೆ ತಲೆ ಎತ್ತಿ ಊರನ್ನು ನೋಡಿದ. ಮುತ್ತಿಗೆ ಹಾಕಿದರೆ ತುಂಬಾ ಕಾಲ ಹಿಡಿಯುತ್ತೆ ಅನ್ನಿಸಿ, ಸಾಗಲಾಸೋಸ್ ಅನ್ನೋ ಇನ್ನೊಂದು ಊರಿನ ಕಡೆ ನಡೆದುಬಿಟ್ಟ. ಇದನ್ನೆಲ್ಲ ಬರೆದಿಟ್ಟವನು ಇತಿಹಾಸಕಾರ ಅರ್ರಿಯನ್.

ಟರ್ಮೆಸ್ಸೋಸ್ ಬಗ್ಗೆ ಯಾರೇ ಮಾತಾಡಲಿ, ಈ ಕಥೆ ಹೇಳಿ ‘ಅಲೆಕ್ಸಾಂಡರನಿಗೂ ಸೋಲದ ಊರು’ ಅಂತ ಮುಗಿಸ್ತಾರೆ. ನನಗೆ ಅದು ಅರ್ಧ ಕಥೆ. ಅವನು ದಾರಿಹೋಕ, ಬಂದ, ಹೋದ. ಅವನು ಹೋದ ಮೇಲೂ ಎಷ್ಟೋ ಶತಮಾನ ಅಷ್ಟು ಎತ್ತರದಲ್ಲಿ ಒಂದು ಊರು ಬದುಕಿದ್ದು ಹೇಗೆ ಅನ್ನೋದೇ ನಿಜವಾದ ಪ್ರಶ್ನೆ.

ಜಾಗ ಎಲ್ಲಿದೆ ಅಂದರೆ, ಅಂತಾಲ್ಯ ನಗರದಿಂದ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್, ಗುಲ್ಲುಕ್ ಬೆಟ್ಟದ ಮೇಲೆ. ಅಂತಾಲ್ಯಕ್ಕೆ ಬರೋ ಪ್ರವಾಸಿಗರಲ್ಲಿ ಹೆಚ್ಚಿನವರು ಸಮುದ್ರ ಬಿಟ್ಟು ಕದಲೋದಿಲ್ಲ, ಅದಕ್ಕೇ ಇಲ್ಲಿ ಗದ್ದಲ ಕಡಿಮೆ. ಕೋರ್ಕುತೆಲಿ ಕಡೆಯ ಹೆದ್ದಾರಿ ಬಿಟ್ಟರೆ ರಾಷ್ಟ್ರೀಯ ಉದ್ಯಾನದ ಗೇಟು. ಅಲ್ಲಿಂದ ಕಾಡಿನೊಳಗೆ ಸುತ್ತಿ ಸುತ್ತಿ ಏರೋ ರಸ್ತೆ. ಅದು ಮುಗಿದ ಮೇಲೆ ಕಾಲೇ ಗತಿ. ಊರಿನ ಮುಖ್ಯ ಭಾಗ ಸಮುದ್ರಮಟ್ಟದಿಂದ 1000 ಮೀಟರ್‌ಗೂ ಮೇಲಿದೆ.

ಹತ್ತುವಾಗ ಮೊದಲು ಗಮನಕ್ಕೆ ಬರೋದು, ಇಲ್ಲಿ ಹೆಚ್ಚಿನದನ್ನು ಯಾರೂ ಜೋಡಿಸಿ ನಿಲ್ಲಿಸಿಲ್ಲ ಅನ್ನೋದು. ಬಹುಕಾಲ ಇಲ್ಲಿ ವ್ಯವಸ್ಥಿತ ಉತ್ಖನನವೇ ನಡೆಯಲಿಲ್ಲ. 1880ರ ದಶಕದಲ್ಲಿ ಕಾರೋಲ್ ಲಾಂಟ್ಸ್ಕೊರೊನ್ಸ್ಕಿ ಅನ್ನೋ ಪೋಲಿಷ್ ಶ್ರೀಮಂತ ತಂಡ ಕಟ್ಕೊಂಡು ಬಂದು ಈ ಪ್ರದೇಶದ ಪಾಳು ನಗರಗಳನ್ನು ಅಳೆದು, ಚಿತ್ರ ಬರೆಸಿ, ದಪ್ಪ ಸಂಪುಟಗಳನ್ನು ತಂದ. ಆದರೆ ಬಿದ್ದ ಕಲ್ಲು ಬಿದ್ದಲ್ಲೇ ಉಳಿಯಿತು. ಕಂಬದ ಮೇಲೆ ಕಂಬ, ನಡುವೆ ಬೇರು ಬಿಟ್ಟ ಮರ. ಜೋಡಿಸಿ ಚೊಕ್ಕ ಮಾಡಿದ ಪಾಳುಗಳಿಗಿಂತ ನನಗೆ ಇದೇ ಇಷ್ಟ. ಆದರೆ ಯಾವುದು ಗೋಡೆ, ಯಾವುದು ಬೀದಿ ಅಂತ ನೀವೇ ಊಹಿಸ್ಕೋಬೇಕು.

ಮೇಲೆ ಬಯಲು ರಂಗಮಂದಿರ ಇದೆ, ಸುಮಾರು 4000 ಜನ ಕೂರಬಹುದಾಗಿದ್ದದ್ದು. ಫೋಟೋಗಳಲ್ಲಿ ಕಾಣೋದೆಲ್ಲ ಇದೇ. ಮೆಟ್ಟಿಲ ಮೇಲೆ ಕೂತರೆ ಎದುರಿಗೆ ಬೆಟ್ಟ, ಕೆಳಗೆ ಪ್ರಪಾತ, ಬಾನು ಶುಭ್ರವಾಗಿದ್ದರೆ ದೂರದಲ್ಲಿ ಅಂತಾಲ್ಯದ ಕೊಲ್ಲಿ. ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ಊರಿನ ಗುಟ್ಟು ಅಲ್ಲಿಲ್ಲ. ಹತ್ತಿರದಲ್ಲೇ ಸಂತೆ ಚೌಕ ಇದೆ, ಅಲ್ಲಿ ನೆಲದಲ್ಲಿ ದೊಡ್ಡ ದೊಡ್ಡ ಬಾಯಿಗಳು ಕಾಣುತ್ತವೆ. ಬಗ್ಗಿ ನೋಡಿ. ಮಳೆನೀರಿನ ತೊಟ್ಟಿಗಳು! ಬಂಡೆಯನ್ನು ಆಳಕ್ಕೆ ಕೊರೆದು, ನೀರು ಸೋರದ ಹಾಗೆ ಒಳಗೆ ಗಾರೆ ಬಳಿದಿದ್ದಾರೆ. ಮುತ್ತಿಗೆ ಹಾಕಿದ ಸೈನ್ಯ ಸಾಮಾನ್ಯವಾಗಿ ಕಾಯೋದು ಒಳಗಿನವರಿಗೆ ಬಾಯಾರಲಿ ಅಂತ. ಊರಿನ ಹೊಟ್ಟೆಯಲ್ಲೇ ನೀರಿದ್ದರೆ ಆ ಕಾಯುವಿಕೆ ಎಷ್ಟು ದಿನ ನಡೆದೀತು?

ಇನ್ನೊಂದು ಆಸರೆ, ನಾವು ಮೊದಲು ನೋಡಿದ ಆ ಕಣಿವೆ. ಕರಾವಳಿಯಿಂದ ಒಳನಾಡಿಗೆ ಸರಕು ಸಾಗಿಸೋ ಒಂದು ಮುಖ್ಯ ದಾರಿ ಅದು. ಅಂದರೆ ಸುಂಕ. ಇದಕ್ಕೊಂದು ಗಟ್ಟಿ ಸಾಕ್ಷಿ ಇದೆ. ಕ್ರಿ.ಪೂ. ಮೊದಲ ಶತಮಾನದಲ್ಲಿ ರೋಮನ್ನರು ಟರ್ಮೆಸ್ಸೋಸನ್ನು ಮಿತ್ರರೆಂದು ಒಪ್ಪಿ ಕಾನೂನು ಮಾಡಿದರು. ಅದನ್ನು ಕೆತ್ತಿದ ಕಂಚಿನ ಫಲಕ ಈಗ ಇಟಲಿಯ ನೇಪಲ್ಸ್ ಮ್ಯೂಸಿಯಂನಲ್ಲಿದೆ. ಊರಿನವರು ತಮ್ಮ ಕಾನೂನಿನಂತೆ ಬಾಳಬಹುದು. ಚಳಿಗಾಲದಲ್ಲಿ ರೋಮನ್ ಸೈನಿಕರನ್ನು ಅಲ್ಲಿ ಬಿಡಾರ ಹೂಡಿಸಬೇಕಾದರೆ ಸೆನೆಟ್‌ನ ಅಪ್ಪಣೆ ಬೇಕು. ನೆಲ, ನೀರಿನ ದಾರಿಯ ಸುಂಕ ಊರೇ ವಸೂಲಿ ಮಾಡಬಹುದು, ಆದರೆ ರೋಮಿನ ಕಂದಾಯ ಹೊತ್ತು ಹೋಗೋರ ಹತ್ತಿರ ಮಾತ್ರ ಕೇಳೋ ಹಾಗಿಲ್ಲ. ಎಲ್ಲ ಕೊಟ್ಟೂ ತನ್ನ ಗಂಟು ಮಾತ್ರ ಭದ್ರ ಮಾಡ್ಕೊಂಡಿದೆ ನೋಡಿ ರೋಮ್!

ಹಾಗಂತ ಊರಿನವರೆಲ್ಲ ಒಗ್ಗಟ್ಟಾಗಿದ್ದರು ಅಂದ್ಕೋಬೇಡಿ. ಅಲೆಕ್ಸಾಂಡರ್ ಸತ್ತ ಮೇಲೆ ಅವನ ಸೇನಾನಿಗಳು ಬಡಿದಾಡಿದರಲ್ಲ, ಅದರಲ್ಲಿ ಸೋತ ಅಲ್ಕೇಟಸ್ ಕ್ರಿ.ಪೂ. 319ರಲ್ಲಿ ಇಲ್ಲಿಗೆ ಓಡಿ ಬಂದ. ಬೆನ್ನಟ್ಟಿ ಬಂದ ಎದುರಾಳಿ ಸೇನಾನಿ ಆಂಟಿಗೋನಸ್ ‘ಅವನನ್ನು ಒಪ್ಪಿಸಿ’ ಅಂದ. ಹಿರಿಯರಿಗೆ ಊರು ಉಳಿದರೆ ಸಾಕಾಗಿತ್ತು. ಹುಡುಗರು ಮಾತ್ರ ಒಪ್ಪಲಿಲ್ಲ, ಅಲ್ಕೇಟಸ್ ಅವರನ್ನು ಮೊದಲಿಂದಲೂ ಚೆನ್ನಾಗಿ ನೋಡ್ಕೊಂಡಿದ್ದ. ಹಿರಿಯರು ಗುಟ್ಟಾಗಿ ಹೇಳಿ ಕಳಿಸಿದರು: ಹುಸಿ ಕಾಳಗ ಮಾಡಿ ಹುಡುಗರನ್ನು ಊರಾಚೆ ಸೆಳೀರಿ, ಉಳಿದದ್ದು ನಮಗೆ ಬಿಡಿ. ಹುಡುಗರು ಆಚೆ ಹೋದರು, ಸಿಕ್ಕಿಬೀಳೋದು ಖಚಿತ ಅಂತ ಗೊತ್ತಾದಾಗ ಅಲ್ಕೇಟಸ್ ತನ್ನ ಪ್ರಾಣ ತಾನೇ ತಗೊಂಡ. ಹಿರಿಯರು ಹೆಣ ಒಪ್ಪಿಸಿದರು. ಆಂಟಿಗೋನಸ್ ಮೂರು ದಿನ ಅದಕ್ಕೆ ಅವಮಾನ ಮಾಡಿ ಹಾಗೇ ಬಿಸಾಡಿ ಹೋದ. ತಿರುಗಿ ಬಂದ ಹುಡುಗರು ಸಿಟ್ಟಿಗೆ ಊರಿಗೇ ಬೆಂಕಿ ಇಡೋಕೆ ಹೊರಟಿದ್ದರಂತೆ, ಕೊನೆಗೆ ಹೆಣವನ್ನು ತಂದು ಮರ್ಯಾದೆಯಿಂದ ಮಣ್ಣು ಮಾಡಿದರು. ಇದು ಡಿಯೊಡೊರಸ್ ಬರೆದದ್ದು. ಬಂಡೆಯಲ್ಲಿ ಕುದುರೆ ಸವಾರನನ್ನು ಕೆತ್ತಿದ ಸಮಾಧಿಯೊಂದು ಇಲ್ಲಿದೆ, ಅಲ್ಕೇಟಸ್‌ನದು ಅಂತ ವಿದ್ವಾಂಸರು ಗುರುತಿಸ್ತಾರೆ.

ಉಳಿದ ಸಮಾಧಿಗಳು ಲೆಕ್ಕವಿಲ್ಲದಷ್ಟು. ಇಳಿಜಾರಿನ ತುಂಬ ಕಲ್ಲಿನ ಶವಪೆಟ್ಟಿಗೆಗಳು ವಾಲಿ ಬಿದ್ದಿವೆ. ಕೆಲವುಗಳ ಮೇಲೆ ದಂಡದ ಮೊತ್ತ ಕೊರೆದಿದೆ: ಬೇರೆ ಯಾರದ್ದಾದರೂ ಹೆಣ ಇದರಲ್ಲಿಟ್ಟರೆ ಊರ ದೇವರು ಜ್ಯೂಸ್ ಸೊಲಿಮೆಯಸ್‌ಗೆ ಇಷ್ಟು ಹಣ ಕಟ್ಟಬೇಕು ಅಂತ. ಆಗಲೂ ಜಾಗದ ಒತ್ತುವರಿ ಇತ್ತು ಅಂತಾಯ್ತು.

ಕೊನೆಗೆ ಊರು ಬರಿದಾಗಿದ್ದು ಶತ್ರುವಿನಿಂದ ಅಲ್ಲ. ತೊಟ್ಟಿಗಳಲ್ಲದೆ ಊರಿಗೆ ನೀರು ತರೋ ಕಾಲುವೆಯೂ ಇತ್ತು, ಭೂಕಂಪದಲ್ಲಿ ಅದು ಒಡೆದು ಜನ ಇಳಿದು ಹೋದರು ಅನ್ನೋದು ಸಾಮಾನ್ಯವಾಗಿ ಕೊಡೋ ವಿವರಣೆ.

ಹೋಗೋರಿಗೆ ಎರಡು ಮಾತು. ಮೇಲೆ ಅಂಗಡಿ ಇಲ್ಲ, ನೀರು ಹೊತ್ಕೊಂಡೇ ಹೋಗಿ. ತೊಟ್ಟಿಗಳ ಬಾಯಿ ಪೊದೆಯಲ್ಲಿ ಮರೆಯಾಗಿರಬಹುದು, ಮಕ್ಕಳ ಕೈ ಬಿಡಬೇಡಿ. ಅಲ್ಕೇಟಸ್‌ನ ಸಮಾಧಿ ಮುಖ್ಯ ದಾರಿಯಿಂದ ಪಕ್ಕಕ್ಕಿದೆ. ರಂಗಮಂದಿರ ನೋಡಿ ಸುಸ್ತಾದವರು ‘ಸಾಕು’ ಅಂತ ಇಳಿದುಬಿಡ್ತಾರೆ. ಕಾಲಲ್ಲಿ ಕಸುವಿರೋವಾಗಲೇ ಅದನ್ನು ನೋಡಿ, ಆಮೇಲೆ ಉಳಿದದ್ದು.