ನಮ್ಮ ಕಾಲಿನ ನರಗಳು

(ಹೋಟೆಲ್ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹಗಲಿಡೀ ನಮ್ಮನ್ನು ಹೊರುವುದು ಕಾಲು. ಆ ಕಾಲನ್ನು ಆಡಿಸುವ ನರಗಳ ವಿಚಾರವನ್ನು ವೈದ್ಯರಿಂದ ಕೇಳಿ ತಿಳಿದಷ್ಟು ನಿಮ್ಮ ಮುಂದಿಡುತ್ತೇನೆ.

ಸೊಂಟದಿಂದ ಒಂದು ದಪ್ಪ ನರ ತೊಡೆಯ ಹಿಂದೆ ಇಳಿದು, ಸಾಮಾನ್ಯವಾಗಿ ಮಂಡಿಗಿಂತ ತುಸು ಮೇಲೆ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮೀನಖಂಡದೊಳಗೆ ಆಳವಾಗಿ ಸಾಗಿ, ಒಳಗಣ ಹರಡಿನ ಹಿಂದಿನಿಂದ ಅಂಗಾಲನ್ನು ಸೇರುತ್ತದೆ. ನಾವು ತುದಿಗಾಲಲ್ಲಿ ನಿಲ್ಲುವುದು, ಅಂಗಾಲಿಗೆ ಬಿಸಿ ತಂಪು ತಿಳಿಯುವುದು ಇದರಿಂದ. ಇನ್ನೊಂದು ಕವಲು ಮಂಡಿಯ ಹೊರಮಗ್ಗುಲಿಗೆ ಬರುತ್ತದೆ. ಅಲ್ಲಿ ಕೈಗೆ ಸಿಗುವ ಎಲುಬಿನ ಗುಬುಟಿನ ಕೆಳಗೆ ಸುತ್ತಿ, ಮುಂದೆ ಬಂದು ಮತ್ತೆ ಎರಡಾಗುತ್ತದೆ. ಒಂದು ಪಾದವನ್ನೂ ಬೆರಳುಗಳನ್ನೂ ಮೇಲೆತ್ತಿಸುತ್ತದೆ. ಮತ್ತೊಂದು ಪಾದವನ್ನು ಹೊರಕ್ಕೆ ತಿರುಗಿಸುತ್ತದೆ, ಪಾದದ ಮೇಲ್ಭಾಗಕ್ಕೆ ಸ್ಪರ್ಶ ತಿಳಿಸುತ್ತದೆ.

ಆ ಗುಬುಟಿನ ಬಳಿ ನರಕ್ಕೆ ತೊಗಲು ಬಿಟ್ಟರೆ ಹೆಚ್ಚಿನ ಕಾಪಿಲ್ಲ. ಮೋರಿಯಲ್ಲಿ ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತರೆ ಅದು ಅಮುಕಿಹೋಗುತ್ತದೆ. ಮೊದಲು ಜೋಮು ಹಿಡಿಯುತ್ತದೆ. ಎದ್ದು ಕೊಡವಿದರೆ ಬಿಡುತ್ತದೆ. ಅಲಕ್ಷ್ಯ ಮಾಡಿದರೆ ಪಾದವೇ ಜೋತುಬೀಳಬಹುದು. ನನ್ನ ಜೊತೆ ಪಾತ್ರೆ ತೊಳೆಯುತ್ತಿದ್ದ ಹುಡುಗನೊಬ್ಬ ಹೀಗೆಯೇ ಕಾಲೆಳೆದು ನಡೆಯತೊಡಗಿದಾಗ ಧಣಿಗಳು “ಮೈಗಳ್ಳ” ಎಂದು ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳಿಸಿದರು. ಸೋತದ್ದು ಅವನ ನರ, ನಿಯತ್ತಲ್ಲ.

ನೀವೇ ನೋಡಿಕೊಳ್ಳಿ. ಹಿಮ್ಮಡಿಯನ್ನು ನೆಲಕ್ಕೂರಿ ಪಾದವನ್ನೂ ಹೆಬ್ಬೆರಳನ್ನೂ ಮೇಲೆತ್ತಿ. ಕಣ್ಣು ಮುಚ್ಚಿ, ಗೆಳೆಯನಿಂದ ನೂಲಿನೆಳೆಯನ್ನು ಪಾದಕ್ಕೆ ಮುಟ್ಟಿಸಿಕೊಳ್ಳಿ. ಪಾದ ಏಳದಿದ್ದರೆ, ನೂಲು ತಿಳಿಯದಿದ್ದರೆ ಎಣ್ಣೆ ತಿಕ್ಕುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಸೊಂಟದಲ್ಲಿ ನರ ಒತ್ತಿದರೂ ಹೀಗಾಗಬಹುದು. ಸಕ್ಕರೆ ಕಾಯಿಲೆಯಲ್ಲೂ ಅಂಗಾಲು ಮರಗಟ್ಟುತ್ತದೆ. ಆಗ ಬಿಸಿನೀರು ಬಿದ್ದು ಸುಟ್ಟರೂ ಗೊತ್ತಾಗುವುದಿಲ್ಲ.

ಇನ್ನೊಂದು ರೋಗದ ಹೆಸರನ್ನು ಹೇಳಲು ನಾವು ಅಂಜುತ್ತೇವೆ. ಕುಷ್ಠರೋಗವೂ ಇವೇ ನರಗಳನ್ನು ಮಂಡಿಯ ಬಳಿ, ಹರಡಿನ ಬಳಿ ಹಿಡಿಯುತ್ತದೆ. ಅದಕ್ಕಾಗಿ ನಮ್ಮ ವಡಾಲಾದಲ್ಲಿ 1890ರಿಂದ ಅಕ್ವರ್ತ್ ಆಸ್ಪತ್ರೆಯಿದೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಕೂಡುಮದ್ದಿನಿಂದ ಆ ರೋಗ ಗುಣವಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಮದ್ದು ಪುಕ್ಕಟೆ. ಆದರೆ ತಡವಾಗಿ ಹೋದರೆ ರೋಗ ಹೋದೀತು, ಸತ್ತ ನರ ಮರಳಿ ಬಾರದು. ಕೆಲಸ ಹೋದೀತೆಂದು ಬಚ್ಚಿಟ್ಟವನು ಕೊನೆಗೆ ಕಾಲನ್ನೂ ಕೆಲಸವನ್ನೂ ಕಳೆದುಕೊಳ್ಳುತ್ತಾನೆ.

ಆದುದರಿಂದ ಧಣಿಗಳಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ: ನಿಂತು ಪಾತ್ರೆ ತೊಳೆಯಲು ಎತ್ತರದ ಕಟ್ಟೆ, ನಡುನಡುವೆ ಕೂರಲು ಒಂದು ಸ್ಟೂಲು, ಕಾಲು ನೀಡಲು ಹತ್ತು ನಿಮಿಷ, ಆಸ್ಪತ್ರೆಗೆ ಹೋದವನಿಗೆ ಮರಳಿ ಅವನ ಕೆಲಸ. ನಮ್ಮಲ್ಲೂ ಒಂದು ನಿಯಮವಿರಲಿ: ಕುಂಟುವ ಜೊತೆಗಾರನನ್ನು ಕಂಡರೆ ನಗಬೇಡಿ, ಕೈಹಿಡಿದು ವೈದ್ಯರ ಬಳಿಗೆ ಕರೆದೊಯ್ಯಿರಿ.