ಜೀವಕೋಶ ತಡೆದು ನಿಲ್ಲುವ ಹೊತ್ತು



ಕ್ಷ-ಕಿರಣ ತಗುಲಿದರೆ ವಂಶವಾಹಿಗಳು ಕೆಡುತ್ತವೆಂದು ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳಲ್ಲಿ ತೋರಿಸಿದ್ದು 1927ರಲ್ಲಿ. ಕೆಟ್ಟ ಡಿಎನ್‌ಎಯನ್ನು ಸರಿಪಡಿಸುವ ಕಿಣ್ವಗಳು ಜೀವಕೋಶದೊಳಗೇ ಇವೆಯೆಂಬುದು 1960ರ ದಶಕದ ಹೊತ್ತಿಗೆ ಖಚಿತವಾಯಿತು. ಆದರೆ ರಿಪೇರಿಗೆ ಸಮಯ ಬೇಕಲ್ಲ! ಎರಡಾಗಲು ಹೊರಟ ಕೋಶಕ್ಕೆ ‘ಸ್ವಲ್ಪ ತಾಳು’ ಎನ್ನುವವರು ಯಾರು?

ಉತ್ತರ ಸಿಕ್ಕಿದ್ದು ಅಮೆರಿಕದ ಸಿಯಾಟಲ್‌ನಲ್ಲಿ, 1988ರಲ್ಲಿ, ಬ್ರೆಡ್ ಉಬ್ಬಿಸುವ ಯೀಸ್ಟಿನಿಂದ. ಯೀಸ್ಟ್ ಕೋಶದ ಮೈಮೇಲೆ ಮೊಗ್ಗೊಂದು ಮೂಡಿ, ದೊಡ್ಡದಾಗಿ, ಕೊನೆಗೆ ಬೇರೆಯಾಗುತ್ತದೆ. ಕ್ಷ-ಕಿರಣ ಬಿದ್ದ ಕೋಶಗಳು ದೊಡ್ಡ ಮೊಗ್ಗನ್ನು ಅಂಟಿಸಿಕೊಂಡೇ ಗಂಟೆಗಟ್ಟಲೆ ನಿಂತುಬಿಡುತ್ತವೆ. ಆಮೇಲೆ ವಿಭಜನೆ ಮುಂದುವರಿಯುತ್ತದೆ. ಆರ್‌ಎಡಿ9 ಎಂಬ ವಂಶವಾಹಿ ಕೆಟ್ಟಿದ್ದ ತಳಿ ಮಾತ್ರ ನಿಲ್ಲುತ್ತಿರಲಿಲ್ಲ. ಮುರಿದ ಕ್ರೋಮೋಸೋಮುಗಳ ಸಮೇತ ಇನ್ನೂ ಒಂದೆರಡು ಸುತ್ತು ಒಡೆದು ಸಾಯುತ್ತಿತ್ತು. ಅದಕ್ಕೆ ರಿಪೇರಿಯೇ ಬರುವುದಿಲ್ಲವೋ, ಪುರುಸೊತ್ತು ಸಿಗುತ್ತಿಲ್ಲವೋ?

ಟೆಡ್ ವೈನರ್ಟ್ ಮತ್ತು ಲೀಲಂಡ್ ಹಾರ್ಟ್‌ವೆಲ್ ಇದನ್ನು ಪರೀಕ್ಷಿಸಿದ ರೀತಿಯನ್ನು ನಾನು ಎಷ್ಟು ಮೆಚ್ಚಿದರೂ ಸಾಲದು. ಕ್ರೋಮೋಸೋಮುಗಳನ್ನು ಎಳೆದು ಬೇರ್ಪಡಿಸುವ ನೂಲುಗಳು ಕಟ್ಟಿಕೊಳ್ಳದಂತೆ ಮಾಡುವ ಒಂದು ರಾಸಾಯನಿಕವನ್ನು ಅವರು ಆ ತಳಿಗೆ ಹಾಕಿದರು. ನಮ್ಮ ರೈತರು ಬೆಳೆಯ ಶಿಲೀಂಧ್ರರೋಗಕ್ಕೆ ಸಿಂಪಡಿಸುತ್ತ ಬಂದ ಕಾರ್ಬೆಂಡಜಿಮ್ ಅದೇ! ಹೀಗೆ ಕೆಲವು ಗಂಟೆ ಬಲವಂತವಾಗಿ ತಡೆದು ಬಿಟ್ಟಾಗ, ಸಾಯಬೇಕಿದ್ದ ಕೋಶಗಳಲ್ಲಿ ಬಹಳಷ್ಟು ಬದುಕಿಕೊಂಡವು. ರಿಪೇರಿಯ ಸಲಕರಣೆ ಅವುಗಳ ಬಳಿ ಮೊದಲಿನಿಂದಲೂ ಇತ್ತು. ಇಲ್ಲದಿದ್ದದ್ದು ನಿಲ್ಲಿಸುವ ವ್ಯವಸ್ಥೆ. ಮರುವರ್ಷ ಅವರಿಬ್ಬರೂ ಇಂಥ ವ್ಯವಸ್ಥೆಗಳನ್ನು ‘ಚೆಕ್‌ಪಾಯಿಂಟ್’ ಎಂದು ಕರೆದರು. 2001ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಹಾರ್ಟ್‌ವೆಲ್ ಒಬ್ಬರು.

ಮನುಷ್ಯರಲ್ಲಿಯೂ ಇದೇ ಏರ್ಪಾಡು. 1979ರಲ್ಲಿ ಪತ್ತೆಯಾಗಿದ್ದ ಪಿ53 ಪ್ರೋಟೀನು ಡಿಎನ್‌ಎ ಕೆಟ್ಟಾಗ ವಿಭಜನೆಗೆ ತಡೆ ಹಾಕುತ್ತದೆಂದು 1990ರ ದಶಕದ ಆರಂಭದಲ್ಲಿ ತಿಳಿಯಿತು. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಅದರ ವಂಶವಾಹಿ ಕೆಟ್ಟಿರುತ್ತದೆ.

ಇನ್ನೊಂದು ಕಾಯಿಲೆಯ ಒಗಟೂ ಬಿಡಿಸಿಕೊಂಡಿತು. ಅಟ್ಯಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಇರುವ ಮಕ್ಕಳು ನಡೆಯುವಾಗ ತೂರಾಡುತ್ತಾರೆ, ಅವರಿಗೆ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಅಂಥವರಿಗೆ ವಾಡಿಕೆಯ ಪ್ರಮಾಣದ ವಿಕಿರಣ ಚಿಕಿತ್ಸೆಯೇ ಪ್ರಾಣಕ್ಕೆ ಎರವಾಗಬಲ್ಲದೆಂದು ವೈದ್ಯರು 1960ರ ದಶಕದಲ್ಲೇ ಕಂಡಿದ್ದರು, ಕಾರಣ ತಿಳಿದಿರಲಿಲ್ಲ. ಇಸ್ರೇಲಿನ ಯೋಸೆಫ್ ಶಿಲೋ ಅವರ ತಂಡ 1995ರಲ್ಲಿ ಈ ಕಾಯಿಲೆಯವರಲ್ಲಿ ಕೆಟ್ಟಿರುವ ವಂಶವಾಹಿಯನ್ನು ಪತ್ತೆಹಚ್ಚಿತು. ಡಿಎನ್‌ಎ ತುಂಡಾದ ಸುದ್ದಿಯನ್ನು ಪಿ53ಕ್ಕೂ ಇತರ ಪ್ರೋಟೀನುಗಳಿಗೂ ಮುಟ್ಟಿಸುವ ಎಟಿಎಂ ಎಂಬ ಪ್ರೋಟೀನು ತಯಾರಾಗುವುದು ಅದರಿಂದಲೇ. ಈಗ ಈ ಕಾಯಿಲೆಯ ಮಗುವಿಗೆ ಎಕ್ಸ್‌-ರೇ ತೆಗೆಯಬೇಕೆಂದರೂ ವೈದ್ಯರು ಎರಡು ಸಲ ಯೋಚಿಸುತ್ತಾರೆ.