ಮಾಸ್ತರರೂ ಮಧ್ಯಾಹ್ನದ ನೆರಳೂ

ಭೌತವಿಜ್ಞಾನ ಕಲಿಸಲು ಏನು ಬೇಕೆಂದು ಕೇಳಿದರೆ ನಮ್ಮ ಹೈಸ್ಕೂಲು ಮಾಸ್ತರರು ಉಪಕರಣಗಳ ಉದ್ದನೆಯ ಯಾದಿಯನ್ನು ಮುಂದಿಡುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಒಂದು ಕೋಲು, ಒಂದು ತೂಗುಗುಂಡು, ದೂರದೂರಿನಲ್ಲೊಬ್ಬ ಸ್ನೇಹಿತ, ಇಷ್ಟಿದ್ದರೆ ಭೂಮಿಯ ಸುತ್ತಳತೆಯನ್ನೇ ಅಳೆಯಬಹುದು. ಆ ಸ್ನೇಹಿತನ ವಿಚಾರವನ್ನೇ ಈ ಹೊತ್ತು ಹೇಳಬೇಕೆಂದಿದ್ದೇನೆ.

ಸುಮಾರು 2,200 ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯಾದ ಎರಟೋಸ್ಥನೀಸ್ ಈ ಲೆಕ್ಕ ಮಾಡಿದ. ಸಯೀನಿನಲ್ಲಿ ಸೂರ್ಯ ನೆತ್ತಿಯ ಮೇಲಿದ್ದ ದಿನ ತನ್ನೂರಿನ ನೆರಳು ವೃತ್ತದ ಐವತ್ತನೆಯ ಒಂದು ಪಾಲಿನಷ್ಟು ಓರೆಯಾಗಿದ್ದುದನ್ನು ಕಂಡ. ಎರಡೂರುಗಳ ನಡುವಣ ದೂರವನ್ನು ಐವತ್ತರಿಂದ ಗುಣಿಸಿದ, ಅಷ್ಟೆ.

ಮೇ ತಿಂಗಳ ಮೊದಲ ವಾರದಲ್ಲಿ ಸೂರ್ಯ ಬೆಳಗಾವಿಯ ನೆತ್ತಿಯ ಮೇಲೂ ಬರುತ್ತಾನೆ. ಗಡಿಯಾರದ 12ಕ್ಕೆ ಅಲ್ಲ, ಹೆಚ್ಚುಕಡಿಮೆ 12-30ಕ್ಕೆ. ಏಕೆಂದು ಹುಡುಗರೇ ಕೇಳಲಿ, ಪಾಠ ಅಲ್ಲಿಂದಲೇ ಆರಂಭವಾಗುತ್ತದೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇಲ್ಲ. ಖಾನಾಪುರದಲ್ಲಿ ಇನ್ನೊಂದು ಕೋಲು ನೆಟ್ಟರೆ ಸಾಲದೆ? ಸಾಲದು. ಇಷ್ಟು ಸಮೀಪದ ಊರುಗಳಲ್ಲಿ ಒಂದು ಮೀಟರಿನ ಕೋಲಿನ ನೆರಳಿಗೆ ಸುಮಾರು 4 ಮಿಲಿಮೀಟರಿನ ವ್ಯತ್ಯಾಸ. ನೆರಳಿನ ಅಂಚಿನ ಮಬ್ಬೇ ಅದಕ್ಕಿಂತ ದಪ್ಪ. ಬೆಳಗಾವಿಗೆ ಬಹುಮಟ್ಟಿಗೆ ನೇರ ಉತ್ತರದಲ್ಲಿರುವುದು ಕಾಶ್ಮೀರದ ಶ್ರೀನಗರ. ಅದೇ ಮಧ್ಯಾಹ್ನ ಅಲ್ಲಿ ನೆರಳು 33 ಸೆಂಟಿಮೀಟರ್, ಕೋನ 18 ಡಿಗ್ರಿಗೆ ತುಸು ಹೆಚ್ಚು, ವೃತ್ತದ ಇಪ್ಪತ್ತನೆಯ ಒಂದು ಪಾಲು. ನಡುವಣ ನೇರ ದೂರ ಸುಮಾರು 2,000 ಕಿಲೋಮೀಟರ್. ಸುತ್ತಳತೆ 40,000! ಒಂಟಿಯಾಗಿ ಅಳೆಯಲಾಗದ ಅಳತೆ ಇದು.

ತೊಡಕೂ ಉಂಟು. ಮೇ ತಿಂಗಳಲ್ಲಿ ಶಾಲೆಗೆ ಬೇಸಿಗೆಯ ರಜೆ. ಸೂರ್ಯ ಮತ್ತೆ ನೆತ್ತಿಗೆ ಬರುವುದು ಆಗಸ್ಟಿನ ಎರಡನೆಯ ವಾರದಲ್ಲಿ. ಆಗ ಖಾನಾಪುರದ ಕಾಡುಸೀಮೆಯಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ! ಹೀಗಾಗಿ ರಜೆಯಲ್ಲಿ ಹುಡುಗರನ್ನು ಅಂಗಳಕ್ಕೆ ಕರೆಯುವ ಮಾಸ್ತರರೇ ಬೇಕು.

ಅಂಥವರೆಂದರೆ ನನಗೆ ನೆನಪಾಗುವವರು ಡಾ. ಎಚ್. ನರಸಿಂಹಯ್ಯನವರು. ಖಾನಾಪುರದಂತೆಯೇ ತಾಲ್ಲೂಕು ಕೇಂದ್ರವಾದ ಗೌರಿಬಿದನೂರಿನ ಬಳಿಯ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಓದಿಗಾಗಿ ಬೆಂಗಳೂರಿಗೆ ನಡೆದೇ ಬಂದವರು. ಅಮೆರಿಕೆಯ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದಿಂದ 1960ರಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಮರಳಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ ಬಂದರು. ಅವರ ವಾಸ ವಿದ್ಯಾರ್ಥಿ ನಿಲಯದ ಕೋಣೆಯಲ್ಲಿ. ಅಂಥವರಿಗೆ ಶಾಲೆಯ ವೇಳೆ ಬೇರೆ, ಮನೆಯ ವೇಳೆ ಬೇರೆ ಎಂಬುದೆಲ್ಲಿ? 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ವಿಜ್ಞಾನವನ್ನು ಜನಸಾಮಾನ್ಯರ ಮುಂದಿಟ್ಟರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದೇ ಅವರ ಬೋಧನೆಯ ತಿರುಳಾಗಿತ್ತು. ವಿದೇಶದ ಪದವಿಗಿಂತ, ಅದನ್ನು ಹೊತ್ತು ಹಿಂದಿರುಗಿದ ಆ ನಡೆಯೇ ನನಗೆ ದೊಡ್ಡದಾಗಿ ತೋರುತ್ತದೆ.

ರಜೆ ಕೆಡಿಸಲು ಮನಸ್ಸಿಲ್ಲದವರಿಗೆ ಇನ್ನೊಂದು ದಾರಿಯಿದೆ. ಹಗಲಿರುಳು ಸಮವಾಗುವ ವಿಷುವದ ದಿನಗಳಲ್ಲಿ ಬೇರೆಬೇರೆ ದೇಶಗಳ ಶಾಲೆಗಳು ನೆರಳನ್ನಳೆದು, ಅಂಕಿಗಳನ್ನು ಪರಸ್ಪರ ಕಳುಹಿಸಿಕೊಳ್ಳುತ್ತವೆ. ಮಾರ್ಚಿನಲ್ಲಿ ನಮಗೆ ಪರೀಕ್ಷೆಯ ಗದ್ದಲ; ಸೆಪ್ಟೆಂಬರ್ ಆಗಬಹುದು, ಮೋಡ ಕರುಣಿಸಿದರೆ. ಆ ಮಧ್ಯಾಹ್ನ ಮೀಟರು ಕೋಲಿನ ನೆರಳು ಖಾನಾಪುರದಲ್ಲಿ 28 ಸೆಂಟಿಮೀಟರ್, ಗ್ರೀಸಿನ ಅಥೆನ್ಸಿನಲ್ಲಿ 78. ಮನೆಯಲ್ಲಿ ಮರಾಠಿಯನ್ನೋ ಕೊಂಕಣಿಯನ್ನೋ ಕನ್ನಡವನ್ನೋ ಆಡುವ ಖಾನಾಪುರದ ಮಕ್ಕಳಿಗೂ ಅಥೆನ್ಸಿನ ಮಕ್ಕಳಿಗೂ ಈ ಅಂಕಿಗಳು ಒಂದೇ ಭಾಷೆ. ಎರಡೂ ಒಂದೇ ಕಾಗದದ ಮೇಲೆ ಬರಬೇಕಾದರೆ ಯಾರಾದರೊಬ್ಬ ಮಾಸ್ತರರು ಮೊದಲ ಪತ್ರ ಬರೆಯಬೇಕು.